ನೋಟುಪುಸ್ತಕದಲ್ಲಿ ಮೊದಲು ಸುತ್ತಿಬಂದ ವಿಹಾರ

ಬೇಸಿಗೆಯ ರಜೆ ಹತ್ತಿರವಾದಂತೆ ಮಕ್ಕಳಿರುವ ಮನೆಗಳಲ್ಲಿ ಏಳುವ ಮೊದಲ ಬೇಡಿಕೆಗಳಲ್ಲಿ ‘ವಂಡರ್‌ಲಾ’ಗೆ ಕರೆದುಕೊಂಡು ಹೋಗಬೇಕೆಂಬುದೂ ಒಂದು. ಮೈಸೂರು ರಸ್ತೆಯ ಬಿಡದಿಯ ಸಮೀಪ ಸುಮಾರು 82 ಎಕರೆ ವಿಸ್ತಾರದಲ್ಲಿ 2005ರಲ್ಲಿ ತೆರೆದ ಈ ಮನರಂಜನಾ ಉದ್ಯಾನವು, ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಿಂದ ನೋಡಿದರೆ ಬೆಂಗಳೂರಿನ ಆಚೆಯ ಅಂಚಿನಲ್ಲಿದೆ. ನಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ಇಡಿಯಾಗಿ ದಾಟಿಯೇ ಅಲ್ಲಿಗೆ ತಲುಪಬೇಕು. ಆರು ಜನರ ಕುಟುಂಬವೊಂದು ಪ್ರವೇಶದರ, ಪ್ರಯಾಣ, ಊಟ, ಉಡುಪು ಎಂದು ಲೆಕ್ಕ ಹಾಕಿದರೆ ಒಂದೇ ಹಗಲಿನ ಈ ವಿಹಾರವು ಹಲವು ಸಾವಿರ ರೂಪಾಯಿಗಳ ಬಾಬತ್ತಾಗುತ್ತದೆ. ಸಂಬಳವನ್ನೇ ನಂಬಿದ ಮನೆಯಲ್ಲಿ ಇಂತಹ ವೆಚ್ಚವನ್ನು ಮೂರು ನಾಲ್ಕು ವರ್ಷಗಳಿಗೊಮ್ಮೆ ಮಾತ್ರ ಭರಿಸಲು ಸಾಧ್ಯ. ಹಾಗಿದ್ದೂ ನಮ್ಮಲ್ಲಿ ಬಹುಪಾಲು ಜನರು ಯಾವ ಸಿದ್ಧತೆಯೂ ಇಲ್ಲದೆ ಹೊರಟು, ಸರದಿಯ ಸಾಲುಗಳಲ್ಲಿ ಬಿಸಿಲು ಕಾಯ್ದು, ಸಂಜೆಗೆ ಒಬ್ಬರ ಮೇಲೊಬ್ಬರು ಮುನಿದು ಹಿಂದಿರುಗುವುದುಂಟು.

ಸಮೇತನಹಳ್ಳಿಯ ಒಂದು ಕ್ರೈಸ್ತ ಕುಟುಂಬವು ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿತು. ತಂದೆ ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ನೌಕರ. ತಾಯಿ ಮನೆಯಲ್ಲೇ ಹೊಲಿಗೆ ಮಾಡುವವರು. ಪದವಿ ತರಗತಿಯಲ್ಲಿರುವ ಹಿರಿಯ ಮಗಳು, ಶಾಲೆಗೆ ಹೋಗುವ ಇಬ್ಬರು ಗಂಡುಮಕ್ಕಳು, ಮಂಡಿನೋವಿನ ಅಜ್ಜಿ. ಅಮೆರಿಕದಲ್ಲಿರುವ ಬಂಧುವೊಬ್ಬರು ರಜೆಗೆ ಬಂದಾಗ ಬಿಟ್ಟುಹೋದ ದಪ್ಪ ಪುಸ್ತಕವೊಂದು ಆ ಹುಡುಗಿಯ ಕೈಗೆ ಸಿಕ್ಕಿತು. ಅದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವವರಿಗಾಗಿ ಬರೆದ ಕೈಪಿಡಿ.

ಈ ಬಗೆಯ ಪುಸ್ತಕಗಳು ಹುಟ್ಟಿದ್ದಕ್ಕೆ ಕಾರಣವಿದೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಆರಂಭವಾದ ದಿನ, ನಕಲಿ ಆಹ್ವಾನಪತ್ರಗಳ ದೆಸೆಯಿಂದ ನಿರೀಕ್ಷೆಗಿಂತ ಬಹಳ ಹೆಚ್ಚು ಜನ ಒಳನುಗ್ಗಿದರು. ಕುಡಿಯುವ ನೀರಿಗೆ ಕೊರತೆಯಾಯಿತು. ಬಿಸಿಲಿಗೆ ಮೆತ್ತಗಾದ ಹೊಸ ಡಾಂಬರಿನಲ್ಲಿ ಹೆಂಗಸರ ಪಾದರಕ್ಷೆಯ ಹಿಮ್ಮಡಿಗಳು ಹೂತುಹೋದವು. 1971ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಎರಡನೆಯ ಉದ್ಯಾನವು ತೆರೆಯಿತು. ಅಲ್ಲಿಗೆ ಹೋಗುವುದೆಂದರೆ ಅಮೆರಿಕದ ಸಾಮಾನ್ಯ ಕುಟುಂಬಕ್ಕೂ ವರ್ಷಗಟ್ಟಲೆ ಹಣ ಕೂಡಿಡುವ ಮಾತು. 1985ರಲ್ಲಿ ಬಾಬ್ ಸೆಲಿಂಜರ್ ಎಂಬವರು ಕಂಪೆನಿಯ ಒಪ್ಪಿಗೆಗೆ ಕಾಯದೆ, ಅದರ ಹಂಗಿಲ್ಲದೆ, ಸಂದರ್ಶಕರ ಪರವಾಗಿ ಒಂದು ಕೈಪಿಡಿಯನ್ನು ಹೊರತಂದರು. ‘ಅನಫೀಶಿಯಲ್ ಗೈಡ್’, ಅಂದರೆ ಅನಧಿಕೃತ ಮಾರ್ಗದರ್ಶಿ, ಎಂದೇ ಅದರ ಹೆಸರು. ಯಾವ ಆಟ ಚೆನ್ನಾಗಿದೆ, ಯಾವುದು ದುಡ್ಡಿಗೆ ದಂಡ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಅದರ ಕ್ರಮ. ಯಾವ ಆಟಕ್ಕೆ ಮೊದಲು ಹೋಗಬೇಕು, ಅನಂತರ ಯಾವುದಕ್ಕೆ ಎಂಬ ವೇಳಾಪಟ್ಟಿಯೂ ಅದರಲ್ಲಿ ಇರುತ್ತದೆ.

ವೇಳಾಪಟ್ಟಿಯೇನು ಮಹಾ ಎಂದು ಓದುಗರಿಗೆ ಅನ್ನಿಸಬಹುದು. ಹತ್ತು ಆಟಗಳನ್ನು ಒಂದಾದ ಮೇಲೊಂದರಂತೆ ಆಡಲು 36,28,800 ಬೇರೆ ಬೇರೆ ಕ್ರಮಗಳು ಸಾಧ್ಯ. ಅವುಗಳಲ್ಲಿ ಕಡಿಮೆ ಕಾಯಿಸುವ ಕ್ರಮ ಯಾವುದೆಂಬುದು ಊರೂರು ತಿರುಗುವ ವ್ಯಾಪಾರಿಯ ದಾರಿಯನ್ನು ಕುರಿತ ಗಣಿತದ ಹಳೆಯ ಸಮಸ್ಯೆಗೆ ಸಮೀಪದ್ದು. ಸೆಲಿಂಜರ್ ಅವರ ಸಹಲೇಖಕ ಲೆನ್ ಟೆಸ್ಟಾ ಇದಕ್ಕಾಗಿ ಗಣಕಯಂತ್ರದ ನೆರವನ್ನೇ ಪಡೆದರು.

ನಮ್ಮ ಹುಡುಗಿಯ ಬಳಿ ಇದ್ದದ್ದು ಇನ್ನೂರು ಪುಟಗಳ ನೋಟುಪುಸ್ತಕ ಮತ್ತು ಸೀಸದಕಡ್ಡಿ. ಬಿಡದಿಯ ಉದ್ಯಾನಕ್ಕೆ ಫ್ಲಾರಿಡಾದ ಪುಸ್ತಕದ ಪಟ್ಟಿಗಳು ಒದಗುವುದಿಲ್ಲ. ಆದರೆ ಅದರಲ್ಲಿನ ಯೋಚನಾಕ್ರಮ ಒದಗಿತು. ಆ ನೋಟುಪುಸ್ತಕವನ್ನು ಈ ಲೇಖಕ ಪುಟಪುಟವಾಗಿ ನೋಡಿದ್ದಾನೆ.

ಮೊದಲ ಪುಟದಲ್ಲಿ ದಿನದ ಆಯ್ಕೆ. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಪ್ರವೇಶದರ ಹೆಚ್ಚು, ಜನಸಂದಣಿಯೂ ಹೆಚ್ಚು. ಭಾನುವಾರ ಬೆಳಗಿನ ಬಲಿಪೂಜೆಯನ್ನು ಮುಗಿಸಿಕೊಂಡು ಹೊರಟರೆ ಉದ್ಯಾನವನ್ನು ತಲುಪುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಹೀಗೆ ಪೂಜೆಗೂ ನ್ಯಾಯವಿಲ್ಲ, ವಿಹಾರಕ್ಕೂ ಇಲ್ಲ. 2025ರಲ್ಲಿ ಪಾಸ್ಖ ಹಬ್ಬವು ಏಪ್ರಿಲ್ 20ರಂದು ಬಂದಿತ್ತು. ತಪಸ್ಸುಕಾಲದಲ್ಲಿ ಹೋಗುವುದು ಅಜ್ಜಿಗೆ ಒಪ್ಪಿಗೆಯಿರಲಿಲ್ಲ. ಏಪ್ರಿಲ್ 30ರಂದು ಬಸವ ಜಯಂತಿ, ಮರುದಿನ ಕಾರ್ಮಿಕರ ದಿನ. ಎರಡನ್ನೂ ಹುಡುಗಿ ಹೊಡೆದುಹಾಕಿದ್ದಾಳೆ. ಕೊನೆಗೆ ಉಳಿದದ್ದು ಮೇ ತಿಂಗಳ ಒಂದು ಮಂಗಳವಾರ. ತಂದೆ ಒಂದು ದಿನದ ರಜೆ ಹಾಕಬೇಕಾಯಿತು, ನಿಜ. ಆದರೆ ಆರು ಜನರ ಪ್ರವೇಶದರದಲ್ಲಿ ಉಳಿದ ಹಣವು ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು.

ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕನ್ನೂ ಆಕೆ ತೂಗಿನೋಡಿದ್ದಾಳೆ. ಅಲ್ಲಿಗೆ ಹೋದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟ ಸಂತ ಫಿಲೋಮಿನಾ ದೇವಾಲಯವನ್ನೂ ದರ್ಶಿಸಬಹುದೆಂಬುದು ಅಜ್ಜಿಯ ವಾದ. ಒಂದು ರಾತ್ರಿಯ ವಸತಿ ಆರು ಜನರಿಗೆ ದುಬಾರಿಯಾಗುವುದರಿಂದ ಅದು ಮುಂದಕ್ಕೆ ಹೋಯಿತು.

ಇನ್ನು ದಾರಿ. 2023ರ ಅಕ್ಟೋಬರ್‌ನಿಂದ ನಮ್ಮ ಮೆಟ್ರೊದ ನೇರಳೆ ಮಾರ್ಗವು ವೈಟ್‌ಫೀಲ್ಡ್ ಕಾಡುಗೋಡಿಯಿಂದ ಚಲ್ಲಘಟ್ಟದವರೆಗೆ, ಸುಮಾರು 43 ಕಿ.ಮೀ. ಉದ್ದಕ್ಕೂ, ಒಂದೇ ರೈಲಿನಲ್ಲಿ ಸಾಗುವಂತಾಗಿದೆ. ಸಮೇತನಹಳ್ಳಿಯವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ: ಒಂದು ತುದಿ ನಮ್ಮ ಮಗ್ಗುಲಿನ ಕಾಡುಗೋಡಿ, ಇನ್ನೊಂದು ತುದಿ ಮೈಸೂರು ರಸ್ತೆಯ ಬದಿ. ಬಾಡಿಗೆ ಕಾರಿಗೆ ತೆರಬೇಕಾದ ಹಣ, ನಗರದೊಳಗಿನ ವಾಹನಸಂದಣಿ, ಹುಡುಗರಿಗೆ ಕಾರಿನಲ್ಲಿ ಬರುವ ವಾಂತಿ, ಮೂರೂ ತಪ್ಪುತ್ತವೆ. 2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ದರದಂತೆ ಒಬ್ಬರಿಗೆ ಗರಿಷ್ಠ 90 ರೂ. ಚಲ್ಲಘಟ್ಟದಿಂದ ಮುಂದಕ್ಕೆ ಬಿಡದಿಯ ಕಡೆಗೆ ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಆದ್ದರಿಂದ ‘ಅಜ್ಜಿಯ ಆಧಾರ್ ಕಾರ್ಡ್ ಮರೆಯಬಾರದು’ ಎಂದು ನೋಟುಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದಿದೆ. ದ್ವಿಚಕ್ರ ವಾಹನದಲ್ಲಿ ಹೋಗಬಯಸುವವರು ಇನ್ನೊಂದನ್ನು ಗಮನಿಸತಕ್ಕದ್ದು: 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅವುಗಳಿಗೆ ಪ್ರವೇಶವಿಲ್ಲ, ಪಕ್ಕದ ಸೇವಾರಸ್ತೆಯಲ್ಲೇ ಸಾಗಬೇಕು.

ಉಪಾಹಾರಕ್ಕೆ ಬಿಡದಿಯ ತಟ್ಟೆ ಇಡ್ಲಿ. ಹೊರಗಿನ ಆಹಾರವನ್ನು ಉದ್ಯಾನದೊಳಕ್ಕೆ ಬಿಡುವುದಿಲ್ಲವಾದ್ದರಿಂದ ಬೆಳಗ್ಗೆ ಹೊಟ್ಟೆ ತುಂಬಿಸಿಕೊಂಡು ಹೋದವರೇ ಜಾಣರು. ಚಿತ್ರಾನ್ನದ ಡಬ್ಬಿಯನ್ನು ಬಾಗಿಲಲ್ಲಿ ತಡೆಯುವಾಗ ವಾದಿಸಿ ಪ್ರಯೋಜನವಿಲ್ಲ.

ನೋಟುಪುಸ್ತಕದ ಮೂರು ಪುಟಗಳು ಎತ್ತರಕ್ಕೇ ಮೀಸಲು. ಅಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸಿನಿಂದಲ್ಲ, ಎತ್ತರದಿಂದ ತೀರ್ಮಾನಿಸುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಹಣವಿಲ್ಲ; 140 ಸೆಂ.ಮೀ. ದಾಟಿದರೆ ದೊಡ್ಡವರ ದರ. ಆಟಗಳಿಗೂ ಒಂದೊಂದಕ್ಕೆ ಒಂದೊಂದು ಎತ್ತರದ ನಿಯಮವಿದೆ. ಇದು ಸಿಬ್ಬಂದಿಯ ಹಟವಲ್ಲ. ತಲೆಕೆಳಗಾಗಿ ಸುತ್ತುವ ಆಸನದಲ್ಲಿ ದೇಹವನ್ನು ಹಿಡಿದಿಡುವುದು ಭುಜದ ಮೇಲೆ ಅಥವಾ ತೊಡೆಯ ಮೇಲೆ ಇಳಿಯುವ ಕಬ್ಬಿಣದ ತಡೆ. ಅದು ಒಂದು ಅಳತೆಯ ಮೈಗೆಂದೇ ತಯಾರಾದದ್ದು. ಚಿಕ್ಕ ಮೈ ಅದರ ಕೆಳಗಿನಿಂದ ಜಾರಬಲ್ಲದು. ‘ಸ್ವಲ್ಪವೇ ಕಡಿಮೆ, ಬಿಡಿ ಸಾರ್’ ಎಂದು ಗೋಗರೆಯುವ ತಂದೆತಾಯಂದಿರು ಇದನ್ನು ಮನಗಾಣಬೇಕು.

ಹುಡುಗಿಯು ತಮ್ಮಂದಿರನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದಳು. ದೊಡ್ಡವನು 138, ಚಿಕ್ಕವನು 112. ದೊಡ್ಡವನು ಮೂರು ತಿಂಗಳಿಂದ ಹಿಮ್ಮುಖವಾಗಿಯೂ ಓಡುವ ‘ರಿಕಾಯ್ಲ್’ ಎಂಬ ಆಟದ ಧ್ಯಾನದಲ್ಲಿದ್ದವನು. ಆತನಿಗೆ ಅದನ್ನು ಉದ್ಯಾನದ ಅಳತೆಗೋಲಿನ ಮುಂದೆ, ನೂರು ಜನರೆದುರಿಗೆ ತಿಳಿಸುವುದೋ, ಮನೆಯಲ್ಲಿಯೇ ತಿಳಿಸುವುದೋ? ಆಕೆ ಮನೆಯಲ್ಲಿಯೇ ತಿಳಿಸಿದಳು. ಒಂದು ಸಂಜೆ ಅಳುವಾಯಿತು, ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಅವನೇ ಬಂದು, ತನ್ನ ಎತ್ತರಕ್ಕೆ ಒದಗುವ ಆಟಗಳ ಪಟ್ಟಿಯನ್ನು ಕೇಳಿ ಪಡೆದನಂತೆ.

ಇನ್ನೊಂದು ತೊಡಕು ಉಡುಪಿನದು. ಇದನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಮಾತನಾಡುವುದು ಕಡಿಮೆ. ಹೀಗಾಗಿ ತಾಯಂದಿರು ದಡದಲ್ಲಿ ಚೀಲ ಕಾಯುತ್ತ ಕೂರುವುದೇ ಪದ್ಧತಿಯಾಗಿಬಿಟ್ಟಿದೆ. ನೀರಿನ ಆಟಗಳಲ್ಲಿ ಹತ್ತಿಯ ಬಟ್ಟೆಗೆ ಅವಕಾಶವಿಲ್ಲ. ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು. ಹತ್ತಿಯ ಎಳೆಗಳು ನೀರನ್ನು ಶೋಧಿಸುವ ಯಂತ್ರಕ್ಕೆ ಸೇರಿ ತೊಂದರೆ ಮಾಡುತ್ತವೆ. ನೆನೆದ ಸೀರೆಯೋ ಚೂಡಿದಾರವೋ ಭಾರವಾಗಿ ಕಾಲಿಗೆ ತೊಡರಿ ಅಪಾಯವನ್ನೂ ತರುತ್ತದೆ. ‘ನನಗೆ ನೀರೂ ಬೇಡ, ಏನೂ ಬೇಡ ಕಣಮ್ಮ, ನೀವು ಆಡಿ, ನಾನು ನೋಡ್ತೀನಿ’ ಎಂದರು ತಾಯಿ. ‘ಅಮ್ಮಾ, ನಿನಗೂ ಅಷ್ಟೇ ದುಡ್ಡು ಕೊಡ್ತೀವಿ’ ಎಂದು ಮಗಳು ಉತ್ತರಿಸಿದಳು. ಕೊನೆಗೆ ತಾಯಿಯೇ ನೈಲಾನ್ ಬಟ್ಟೆ ತಂದು, ತೋಳು ಪೂರ್ತಿ ಮುಚ್ಚುವ ಮೇಲಂಗಿ ಮತ್ತು ಕಾಲಿನ ಗಂಟಿನವರೆಗಿನ ಷರಾಯಿಯನ್ನು ತಮಗೂ ಮಗಳಿಗೂ ಹೊಲಿದುಕೊಂಡರು. ಉದ್ಯಾನದ ಅಂಗಡಿಯಲ್ಲಿ ಕೊಳ್ಳುವ ಪ್ರಮೇಯ ಬರಲಿಲ್ಲ.

ಸರದಿಯ ವಿಷಯವನ್ನು ಲೆಕ್ಕದಲ್ಲಿಯೇ ನೋಡಬಹುದು. ಒಮ್ಮೆಗೆ 20 ಜನರನ್ನು ಕೂರಿಸಿಕೊಂಡು, ಹತ್ತಿಸಿ ಇಳಿಸುವುದೂ ಸೇರಿ ಐದು ನಿಮಿಷ ತೆಗೆದುಕೊಳ್ಳುವ ಆಟವು ಗಂಟೆಗೆ 240 ಜನರನ್ನು ಮಾತ್ರ ಮುಗಿಸುತ್ತದೆ. ಮುಂದೆ 600 ಜನರಿದ್ದರೆ ಎರಡೂವರೆ ಗಂಟೆ ನಿಂತಿರಬೇಕು. ಆದ್ದರಿಂದ ಬಾಗಿಲು ತೆರೆಯುವ ಮುನ್ನವೇ ಅಲ್ಲಿದ್ದು, ಆಸನ ಕಡಿಮೆಯಿರುವ, ಹೆಸರುವಾಸಿಯಾದ ಆಟಗಳನ್ನು ಮೊದಲ ಗಂಟೆಯಲ್ಲೇ ಮುಗಿಸಬೇಕೆಂಬುದು ಎಲ್ಲ ಕೈಪಿಡಿಗಳ ಒಮ್ಮತದ ಮಾತು. ಜನರೆಲ್ಲ ನೀರಿಗಿಳಿಯುವ ಹೊತ್ತಿನಲ್ಲಿ ಒಣ ಆಟಗಳ ಸಾಲು ಕರಗುತ್ತದೆ. ಜನರೆಲ್ಲ ಊಟಕ್ಕೆ ಕುಳಿತಾಗ ಎಲ್ಲ ಸಾಲುಗಳೂ ಕರಗುತ್ತವೆ. ಸಾಲನ್ನು ದಾಟಿ ಬೇಗ ಹೋಗಲು ಹೆಚ್ಚಿನ ಬೆಲೆಯ ಟಿಕೆಟ್ಟುಗಳು ಬಿಡದಿಯಲ್ಲಿಯೂ ಉಂಟು. ಮಂಗಳವಾರ ಹೋಗುವವರಿಗೆ ಅದು ಅನಾವಶ್ಯಕ ಎಂದು ಹುಡುಗಿಯ ಟಿಪ್ಪಣಿ; ಅದನ್ನು ನಾವೂ ಒಪ್ಪುತ್ತೇವೆ.

ಆ ಕೈಪಿಡಿಯ ಒಂದು ಅಧ್ಯಾಯವನ್ನು ಮಾತ್ರ ಆಕೆ ಪೂರ್ತಿ ಬಿಟ್ಟುಬಿಟ್ಟಳು. ಅದು ಹಳೆಯ ಆವೃತ್ತಿಯಾದ್ದರಿಂದ ‘ಫಾಸ್ಟ್‌ಪಾಸ್’ ಎಂಬ ಪುಕ್ಕಟೆ ಚೀಟಿಯ ವರ್ಣನೆ ಅದರಲ್ಲಿ ಹತ್ತಾರು ಪುಟ ತುಂಬಿತ್ತು. 1999ರಲ್ಲಿ ಬಂದ ಆ ವ್ಯವಸ್ಥೆ 2020ರ ಸಾಂಕ್ರಾಮಿಕದಲ್ಲಿ ನಿಂತುಹೋಗಿ, 2021ರಿಂದ ಅದರ ಸ್ಥಾನದಲ್ಲಿ ಹಣ ತೆರುವ ಪದ್ಧತಿ ಬಂದಿತು. ಕೈಪಿಡಿಯ ಯೋಚನೆ ಬಾಳಿಕೆ ಬರುತ್ತದೆ. ದರ, ವೇಳೆ, ನಿಯಮಗಳು ಹೋದ ವರ್ಷದ ಕ್ಯಾಲೆಂಡರಿನ ಹಾಗೆ. ಹೆಸರೂ ಬದಲಾಗುವುದುಂಟು: ವಂಡರ್‌ಲಾ ಸ್ಥಾಪಕ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ತೆರೆದ ಮೊದಲ ಉದ್ಯಾನವು ‘ವೀಗಾಲ್ಯಾಂಡ್’ ಆಗಿತ್ತು, ಇಂದು ಅದೂ ವಂಡರ್‌ಲಾ.

ಅಜ್ಜಿಯನ್ನು ಕುರಿತ ಪುಟ ನಮಗೆ ಎಲ್ಲಕ್ಕಿಂತ ಹಿಡಿಸಿತು. ರಕ್ತದೊತ್ತಡ, ಹೃದ್ರೋಗ, ಬೆನ್ನುನೋವು ಇದ್ದವರಿಗೂ ಗರ್ಭಿಣಿಯರಿಗೂ ರಭಸದ ಆಟಗಳು ಸಲ್ಲವು. ಹಾಗೆಂದು ಹಿರಿಯರನ್ನು ಬೆಂಚಿನಲ್ಲಿ ಕೂರಿಸಿ, ಮೊಬೈಲು ಚೀಲಗಳನ್ನು ಒಪ್ಪಿಸಿ ಹೋಗುವುದು ಸರಿಯೇ? ಚೀಲಕ್ಕೆ ಬಾಡಿಗೆಯ ಲಾಕರು ಇದೆ. ಡಿಸ್ನಿ ಉದ್ಯಾನಗಳಲ್ಲಿ ಚಿಕ್ಕ ಮಗುವಿದ್ದಾಗ ಒಬ್ಬರು ಆಡಿ ಬಂದ ಮೇಲೆ ಮತ್ತೊಬ್ಬರು ಸಾಲು ನಿಲ್ಲದೆ ಹೋಗುವ ಏರ್ಪಾಡಿದೆ. ಅದನ್ನು ನೋಡಿ ಹುಡುಗಿಯು ಮನೆಯವರಲ್ಲೇ ಪಾಳಿ ಹಾಕಿದಳು: ಪ್ರತಿ ಗಂಟೆಗೆ ಒಬ್ಬರು ಅಜ್ಜಿಯ ಜೊತೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಎಲ್ಲರೂ ನೆರಳಿನಲ್ಲಿ. ಹಿರಿಯ ನಾಗರಿಕರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇರುವುದನ್ನೂ ಅಲ್ಲೇ ಬರೆದಿದ್ದಾಳೆ.

ಆ ಮಂಗಳವಾರ ಅವರು ಬೆಳಗಿನ ಐದೂವರೆಗೆ ಮನೆ ಬಿಟ್ಟರು. ಮಧ್ಯಾಹ್ನದವರೆಗೆ ಎಲ್ಲವೂ ಬರೆದಂತೆಯೇ ನಡೆಯಿತು. ಮೂರೂವರೆಗೆ ಗುಡುಗಿನೊಂದಿಗೆ ಮಳೆ ಬಂದು ಎತ್ತರದ ಆಟಗಳನ್ನು ನಿಲ್ಲಿಸಿದರು. ಅದಕ್ಕೂ ‘ಮಳೆ ಬಂದರೆ’ ಎಂಬ ಅರ್ಧ ಪುಟವಿತ್ತು. ಅದರಲ್ಲಿ ಬರೆದದ್ದು ಕಾಫಿ ಎಂಬ ಒಂದೇ ಪದ. ಮಳೆ ನಿಂತ ಮೇಲೆ ನಿಧಾನವಾಗಿ ಹರಿಯುವ ನೀರಿನ ಕಾಲುವೆಯಲ್ಲಿ ತಾಯಿ, ತಾವೇ ಹೊಲಿದ ಉಡುಪಿನಲ್ಲಿ, ಗಾಳಿ ತುಂಬಿದ ಬಳೆಯ ಮೇಲೆ ಮೂರು ಸುತ್ತು ತೇಲಿಬಂದರು. ಅಜ್ಜಿ ಸಂಜೆಯ ಸಂಗೀತ ಕಾರಂಜಿಯನ್ನು ನೋಡಿಯೇ ಹೊರಡುವುದೆಂದು ಪಟ್ಟುಹಿಡಿದದ್ದರಿಂದ ವೇಳಾಪಟ್ಟಿ ಮುಕ್ಕಾಲು ಗಂಟೆ ತಪ್ಪಿತು.

ನೋಟುಪುಸ್ತಕವು ಈಗ ಅದೇ ಧರ್ಮಕೇಂದ್ರದ ಮತ್ತೊಂದು ಮನೆಯಲ್ಲಿದೆ. ಅದನ್ನು ಕೊಡುವ ಮುನ್ನ ಹುಡುಗಿಯು ದರಗಳ ಸಾಲನ್ನೆಲ್ಲ ರಬ್ಬರಿನಿಂದ ಅಳಿಸಿ, ‘ಫೋನು ಮಾಡಿ ಕೇಳಿ ತುಂಬಿಸಿಕೊಳ್ಳಿ’ ಎಂದು ಬರೆದಿದ್ದಾಳೆ. ಕಾರಂಜಿಯ ಮುಂದೆ ಪೆನ್ನಿನಲ್ಲಿ ‘ಮುಕ್ಕಾಲು ಗಂಟೆ’ ಎಂದು ಸೇರಿಸಿದ್ದಾಳೆ.