ಬಣ್ಣದ ಸ್ಲೈಡ್ ರೋಲು: ಅಗ್ಗ ಯಾವುದು, ದುಬಾರಿ ಯಾವುದು?

ಹೋದ ವರ್ಷ ನವರಾತ್ರಿಗೆ ಮುಂಚೆ ಅಟ್ಟ ಗುಡಿಸುವಾಗ ಮಾವನವರ ತಗಡಿನ ಟ್ರಂಕು ಕೆಳಗಿಳಿಯಿತು. ಹೈಸ್ಕೂಲು ಮೇಷ್ಟರಾಗಿದ್ದ ಅವರಿಗೆ ಇದ್ದ ಒಂದೇ ಚಟ ಕ್ಯಾಮೆರಾ. ಟ್ರಂಕಿನಲ್ಲಿ ಅವರ ಕ್ಯಾಮೆರಾ, ಒಂದು ಸಣ್ಣ ಪ್ರೊಜೆಕ್ಟರು, ಬಿಸ್ಕತ್ತಿನ ಡಬ್ಬಿಯ ತುಂಬ ಸ್ಲೈಡುಗಳು.

ಸ್ಲೈಡ್ ಅಂದರೆ ಗೊತ್ತಲ್ಲ? ಹಿಂದೆ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮುಂಚೆ ಬಟ್ಟೆ ಅಂಗಡಿಯ ಜಾಹೀರಾತು ಬೀಳುತ್ತಿತ್ತಲ್ಲ, ಅದೇ ಜಾತಿ. ನೆಗೆಟಿವ್‌ನಲ್ಲಿ ಬಣ್ಣ ಉಲ್ಟಾ ಇರುತ್ತೆ, ಪ್ರಿಂಟು ಹಾಕಿಸಬೇಕು. ಸ್ಲೈಡಿನಲ್ಲಿ ಬಣ್ಣ ಇದ್ದ ಹಾಗೇ ಬರುತ್ತೆ. ಚೌಕಟ್ಟು ಹಾಕಿ ಬೆಳಕು ಬಿಟ್ಟರೆ ಗೋಡೆ ತುಂಬ ಚಿತ್ರ.

ಮಗ ಬಲ್ಬು ಹೊಂದಿಸಿದ. ನಡುಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಮೊದಲ ಚಿತ್ರವೇ ಅತ್ತೆಯವರದು! ನೀಲಿ ಸೀರೆ ಉಟ್ಟು ತುಳಸಿಕಟ್ಟೆಯ ಮುಂದೆ ನಿಂತಿದ್ದರು. ಅತ್ತೆಯವರಿಗೆ ಈಗ ಒಂದು ಕಣ್ಣು ಪೂರಾ ಕಾಣದು, ಇನ್ನೊಂದು ಅರ್ಧಂಬರ್ಧ. ಬಹಳ ಹೊತ್ತು ಸುಮ್ಮನಿದ್ದು, "ಮೊಬೈಲಿನ ಚಿತ್ರ ನನ್ನ ಕಣ್ಣಿಗೆ ಹತ್ತಲ್ಲ ಕಣೇ. ಇದು ಕಾಣತ್ತೆ. ನನ್ನ ಶಾಂತಿಗೂ ಹೀಗೇ ತೆಗೆಸ್ತೀಯಾ?" ಅಂದರು. ಕಾರ್ತೀಕದಲ್ಲಿ ಅವರಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಇತ್ತು. ಅವರು ಹಾಗೆ ಏನನ್ನೂ ಕೇಳಿದವರಲ್ಲ. ಹೂಂ ಅಂದುಬಿಟ್ಟೆ.

ನಾನು ಮಾಡಿದ ತಪ್ಪು

ಹೊಸ ಸ್ಲೈಡ್ ರೋಲಿನ ಬೆಲೆ ಕೇಳಿ ನನ್ನ ಸಾಸಿವೆ ಡಬ್ಬಿ ನಡುಗಿತು. ಅಷ್ಟರಲ್ಲಿ ಒಬ್ಬರು, "ಅವಧಿ ಮುಗಿದ ರೋಲಿದೆ, ಅರ್ಧಕ್ಕಿಂತ ಕಡಿಮೆಗೆ ಕೊಡ್ತೀನಿ, ಏನೂ ಆಗಲ್ಲ" ಅಂದರು. ಉಳಿತಾಯವಾಯಿತು ಅಂತ ಹಿಗ್ಗಿದೆ.

ತೊಳೆಸಿ ಬಂದ ಮೇಲೆ ನೋಡಿದರೆ ಹೋಮದ ಹೊಗೆ, ಜನ, ಸೀರೆ ಎಲ್ಲ ಒಂದೇ ನೇರಳೆ ಮಬ್ಬು. ಮೂವತ್ತಾರರಲ್ಲಿ ಏಳೋ ಎಂಟೋ ಗುರುತು ಸಿಗುವಂತಿದ್ದವು. ಶಾಂತಿಗೆ ಅತ್ತೆಯವರ ಅಕ್ಕ, ನಮ್ಮ ದೊಡ್ಡತ್ತೆ, ಬಂದಿದ್ದರು. ಪುಷ್ಯದಲ್ಲಿ ಅವರು ತೀರಿಕೊಂಡರು. ಮೊಬೈಲಿನಲ್ಲಿ ಅವರ ಫೋಟೋ ಬೇಕಾದಷ್ಟಿದೆ ಅನ್ನಿ. ಆದರೆ ಅತ್ತೆಯವರು ನೋಡಬಲ್ಲದ್ದು ಗೋಡೆಯ ಮೇಲಿನದು ಒಂದೇ. "ಅಕ್ಕನ ಮುಖ ಯಾಕೆ ಹೀಗಿದೆ?" ಅಂತ ಕೇಳಿದಾಗ ನನಗೆ ಉತ್ತರ ಹೊರಡಲಿಲ್ಲ.

ಆಮೇಲೆ ತಿಳಿದವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕ್ಯಾಮೆರಾ ಇರಬಹುದು.

ಟ್ರಂಕಿನ ಹಳೇ ರೋಲು ಬಳಸಬಹುದೇ?

ಬೇಡ. ಮಾವನವರ ಸ್ಲೈಡುಗಳಲ್ಲಿ ಹೆಚ್ಚಿನವು ಓರ್ವೋ ಕ್ರೋಮ್. ಪೂರ್ವ ಜರ್ಮನಿಯ ವೋಲ್ಫೆನ್ ಊರಿನ ಕಾರ್ಖಾನೆಯದು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಕೈಗೆಟುಕುವ ಬೆಲೆಯ ಫಿಲಂ ಅದೇ ಆಗಿತ್ತು. ಅದನ್ನು ತೊಳೆಯುವ ವಿಧಾನವೇ ಬೇರೆ, ಈಗಿನದಕ್ಕೆ ಹೊಂದದು. ಟ್ರಂಕಿನಲ್ಲಿ ಹೊಡೆಯದೆ ಉಳಿದ ಒಂದು ಕೊಡಾಕ್ರೋಮ್ ರೋಲೂ ಇತ್ತು. 1935ರಲ್ಲಿ ಬಂದ ಆ ಹೆಸರಾಂತ ಫಿಲಮನ್ನು ಕೊಡಾಕ್ 2009ರಲ್ಲಿ ನಿಲ್ಲಿಸಿತು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬು ಅಮೆರಿಕದ ಕಾನ್ಸಾಸಿನದು. ಅದೂ 2010ರ ಡಿಸೆಂಬರ್ ಕೊನೆಗೆ ಆ ಕೆಲಸ ಬಿಟ್ಟಿತು. ಆ ರೋಲನ್ನು ನೆನಪಿಗೆಂದು ಇಟ್ಟುಕೊಳ್ಳಬೇಕು, ಅಷ್ಟೆ.

ರೋಲಿನ ಬೆಲೆ ನೋಡಬೇಡಿ, ಚಿತ್ರದ ಬೆಲೆ ನೋಡಿ

ರೋಲು ಹಳತಿರಲಿ ಹೊಸತಿರಲಿ, ತೊಳೆಸುವ, ಚೌಕಟ್ಟು ಹಾಕಿಸುವ, ಕೊರಿಯರಿನ ಖರ್ಚು ಒಂದೇ. ಲೆಕ್ಕಕ್ಕೆಂದು ಅದು 1,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅವಧಿ ಮುಗಿದ ರೋಲು 800, ಒಟ್ಟು 1,800. ಒಂಬತ್ತು ಚಿತ್ರ ಚೆನ್ನಾಗಿ ಬಂದರೆ ಒಂದಕ್ಕೆ 200 ಬಿತ್ತು. ಹೊಸ ರೋಲು 2,200, ಒಟ್ಟು 3,200. ಮೂವತ್ತೆರಡು ಚೆನ್ನಾಗಿ ಬಂದರೆ ಒಂದಕ್ಕೆ ಬರೀ 100. ಹಾಗಾದರೆ ಅಗ್ಗದ್ದು ಯಾವುದು, ನೀವೇ ಹೇಳಿ!

ಯಾವುದು ಕೊಳ್ಳುವುದು?

ಕೊಡಾಕಿನ ಎಕ್ಟಾಕ್ರೋಮ್ ಇ100: 2012ರಲ್ಲಿ ನಿಂತುಹೋದ ಎಕ್ಟಾಕ್ರೋಮ್ 2018ರಲ್ಲಿ ಈ ಹೆಸರಿನಲ್ಲಿ ಮತ್ತೆ ಬಂತು. ಬಣ್ಣ ಸಹಜ, ಮುಖಕ್ಕೆ ಒಳ್ಳೆಯದು.

ಫ್ಯೂಜಿಯ ಪ್ರೋವಿಯಾ 100ಎಫ್: ಮುಖ, ಸೀರೆ, ಹೂದೋಟ ಎಲ್ಲಕ್ಕೂ ಹೊಂದುತ್ತೆ.

ಫ್ಯೂಜಿಯ ವೆಲ್ವಿಯಾ 50: 1990ರಿಂದ ಹೆಸರು ಮಾಡಿದ್ದು. ಹಸಿರು, ಕೆಂಪು ಬಲು ಗಾಢ. ಗದ್ದೆ, ಬೆಟ್ಟಕ್ಕೆ ಸೊಗಸು, ಆದರೆ ಮುಖ ಕೆಂಪೇರುತ್ತೆ. ಬೆಳಕೂ ಹೆಚ್ಚು ಬೇಕು.

ಇನ್ನೊಂದು ದಾರಿ, ಸಿನಿಮಾದವರ ಎಕ್ಟಾಕ್ರೋಮ್ ಉದ್ದ ಸುರುಳಿಯಿಂದ ಕತ್ತರಿಸಿ ತುಂಬಿದ ರೋಲು. ನೂರು ಅಡಿಯ ಸುರುಳಿಯಲ್ಲಿ ಮೂವತ್ತಾರರ ಸುಮಾರು 18 ರೋಲು ಆಗುತ್ತೆ. ನಾಲ್ಕು ಜನ ಸೇರಿ ಹಂಚಿಕೊಂಡರೆ ಉಳಿತಾಯ. ತುಂಬಿಕೊಟ್ಟವರ ಹತ್ತಿರ ಅವಧಿ ಮತ್ತು ಇಟ್ಟ ರೀತಿ ಕೇಳದೆ ಮಾತ್ರ ಕೊಳ್ಳಬೇಡಿ.

ಹಾಳಾಗದಂತೆ ಇಷ್ಟು ನೋಡಿಕೊಳ್ಳಿ

* ರೋಲು ಕೊಳ್ಳುವ ಮೊದಲೇ ಲ್ಯಾಬಿಗೆ ಫೋನು ಮಾಡಿ, "ಈ-6 ತೊಳೀತೀರಾ?" ಅಂತ ಕೇಳಿ. ನೆಗೆಟಿವ್ ತೊಳೆಯುವ ಸಿ-41 ದ್ರಾವಣಕ್ಕೆ ಹಾಕಿದರೆ ಬಣ್ಣ ಉಲ್ಟಾಪಲ್ಟಾ.

* ನೆಗೆಟಿವ್ ಸಾರಿನ ಹಾಗೆ, ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಸ್ಲೈಡು ಮೈಸೂರು ಪಾಕು. ಪಾಕ ಒಂದು ಗಳಿಗೆ ತಪ್ಪಿದರೂ ಕೆಟ್ಟಿತು. ಬೆಳಕು ಹೆಚ್ಚಾದರೆ ಮುಖ ಬೆಳ್ಳಗಾಗಿ ಮತ್ತೆ ಸರಿಹೋಗುವುದೇ ಇಲ್ಲ. 100ರ ಫಿಲಮಿಗೆ ಚುರುಕು ಬಿಸಿಲಿನಲ್ಲಿ 16ರ ಅಪರ್ಚರ್, 125ರ ಶಟರ್ ಸರಿ. ಮುಖ್ಯ ಚಿತ್ರವನ್ನು ಬೆಳಕು ಅರ್ಧ ಮೆಟ್ಟಿಲು ಕಡಿಮೆ ಮಾಡಿ ಇನ್ನೊಂದು ತೆಗೆಯಿರಿ.

* ಹಗಲಿನ ಫಿಲಮಿನಲ್ಲಿ ಹಳೇ ಕಾಲದ ಹಳದಿ ಬಲ್ಬಿನ ಕೆಳಗೆ ತೆಗೆದರೆ ಎಲ್ಲರಿಗೂ ಅರಿಶಿನ ಬಳಿದಂತೆ ಕಾಣುತ್ತೆ. ಜಗಲಿಗೆ ಬನ್ನಿ, ಇಲ್ಲಾಂದ್ರೆ ಫ್ಲಾಶ್ ಹಾಕಿ.

* ರೋಲನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ಬಳಸುವ ಎರಡು ಮೂರು ಗಂಟೆ ಮುಂಚೆ ಹೊರಗಿಟ್ಟು, ತಣ್ಣಗಿರುವುದು ಪೂರಾ ಬಿಟ್ಟ ಮೇಲೆ ಡಬ್ಬಿ ತೆರೆಯಿರಿ.

* ನಮ್ಮ ಮಲೆನಾಡಿನ ಮಳೆಗೆ ಸ್ಲೈಡಿಗೂ ಬೂಷ್ಟು ಹಿಡಿಯುತ್ತೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

* ಪ್ರೊಜೆಕ್ಟರಿನಲ್ಲಿ ಒಂದೇ ಸ್ಲೈಡನ್ನು ಬಹಳ ಹೊತ್ತು ಬಿಡಬೇಡಿ, ಬಣ್ಣ ಇಳಿಯುತ್ತೆ.

ಯುಗಾದಿಯ ಹೊತ್ತಿಗೆ ಮತ್ತೆ ದುಡ್ಡು ಕೂಡಿಸಿ ಒಂದು ಹೊಸ ರೋಲು ತರಿಸಿದೆ. ಈ ಸಲ ಸಮಾರಂಭವೇನೂ ಇರಲಿಲ್ಲ. ಅತ್ತೆಯವರು ಜಗಲಿಯಲ್ಲಿ ಕೂತು ಉಪ್ಪಿನಕಾಯಿಗೆ ಮಿಡಿ ಮಾವಿನಕಾಯಿ ಆರಿಸುತ್ತಿದ್ದರು, ಕೈ ಮುಟ್ಟಿ ಗಟ್ಟಿ ನೋಡಿ. ಅದನ್ನೇ ತೆಗೆದೆವು. ಪಂಚೆಯ ಮೇಲೆ ಚಿತ್ರ ಬಿದ್ದಾಗ ಅವರು ಎದ್ದು ಹತ್ತಿರ ಹೋಗಿ ಒಂದೊಂದೇ ಮಿಡಿಯನ್ನು ಬೆರಳಿನಿಂದ ಮುಟ್ಟಿದರು. "ತೊಟ್ಟು ಸಹ ಕಾಣತ್ತಲ್ಲೇ!" ಅಂದರು.

ದೊಡ್ಡತ್ತೆಯ ಮುಖವಂತೂ ಇನ್ನು ಬಾರದು. ಅದಕ್ಕೇ ಹೇಳಿದ್ದು, ಉಳಿಸುವ ಕಡೆ ಉಳಿಸೋಣ. ಎರಡನೇ ಸಲ ಸಿಗದ ದಿನಕ್ಕೆ ಮಾತ್ರ ಹಳಸಲು ರೋಲು ಬೇಡ.