ಚದುರಂಗದ ದತ್ತಸಂಚಯ: ಅದರ ರಚನೆ, ಉಪಯೋಗ ಮತ್ತು ಮರ್ಯಾದೆ

ಚದುರಂಗವು ನಮ್ಮ ನಾಡಿಗೆ ಹೊಸದಲ್ಲ. ಆದರೆ ಅದನ್ನು ಕಲಿಯುವ ಕ್ರಮವು ಕಳೆದ ನಾಲ್ಕು ದಶಕಗಳಲ್ಲಿ ಸಂಪೂರ್ಣವಾಗಿ ಮಾರ್ಪಟ್ಟಿದೆ. ಹಿಂದೆ ಗುರುಮುಖದಿಂದಲೋ ದುರ್ಲಭವಾದ ಗ್ರಂಥಗಳಿಂದಲೋ ಪಡೆಯಬೇಕಾಗಿದ್ದ ಜ್ಞಾನವು ಇಂದು ಅಂತರ್ಜಾಲದ ಮೂಲಕ ಬೆಳಗಾವಿಯ ಕಾಲೇಜು ವಿದ್ಯಾರ್ಥಿಗೂ ಖಾನಾಪುರದ ಹಳ್ಳಿಯ ಹುಡುಗನಿಗೂ ಸಮನಾಗಿ ಲಭಿಸುವಂತಾಗಿದೆ. ಈ ಮಾರ್ಪಾಟಿಗೆ ಮುಖ್ಯ ಕಾರಣ, ಆಡಿದ ಆಟಗಳನ್ನು ಕ್ರಮವಾಗಿ ಶೇಖರಿಸಿಡುವ ಗಣಕದ ದತ್ತಸಂಚಯ. ವ್ಯವಹಾರದಲ್ಲಿ ಇದನ್ನೇ ಡೇಟಾಬೇಸ್ ಎನ್ನುವರು. ಇದರ ರಚನೆ ಎಂತಹುದು, ಇದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು, ಯಾವ ವೇಳೆ ಇದನ್ನು ಮುಟ್ಟಬಾರದು ಎಂಬ ನಾಲ್ಕು ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಪೂರ್ವೇತಿಹಾಸ

ಗ್ರಂಥಸಹಾಯವಿಲ್ಲದೆ ಆಡುವುದೆಂದರೆ ಏನೆಂಬುದಕ್ಕೆ ಮೀರ್ ಸುಲ್ತಾನ್ ಖಾನನ ಉದಾಹರಣೆಯೊಂದೇ ಸಾಕು. ಭಾರತೀಯ ಪದ್ಧತಿಯ ಚದುರಂಗದಲ್ಲಿ ಪಳಗಿದ್ದ ಈತನು ಪಾಶ್ಚಾತ್ಯ ನಿಯಮಗಳನ್ನು ತಡವಾಗಿ ಕಲಿತನು. ಆರಂಭದ ನಡೆಗಳ ಪುಸ್ತಕಜ್ಞಾನವು ಅವನಿಗೆ ಅತ್ಯಲ್ಪವಾಗಿತ್ತು. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗಳಿಸಿದನು. ಅಂತಹ ಪ್ರತಿಭೆ ಎಲ್ಲರಿಗೂ ಇರಲಾರದು. ಉಳಿದವರಿಗೆ ಪೂರ್ವಿಕರ ಅನುಭವವೇ ಆಧಾರ.

ಈ ಅನುಭವವನ್ನು ವ್ಯವಸ್ಥಿತವಾಗಿ ಒಂದೆಡೆ ತರುವ ಕಾರ್ಯದಲ್ಲಿ 1966ರಲ್ಲಿ ಬೆಲ್‌ಗ್ರೇಡಿನಿಂದ ಹೊರಟ 'ಚೆಸ್ ಇನ್‌ಫಾರ್ಮೆಂಟ್' ಒಂದು ಮೈಲಿಗಲ್ಲು. ಅದರ ಪ್ರಕಾಶಕರೇ ಆರಂಭದ ನಡೆಗಳನ್ನು ಎ00ದಿಂದ ಇ99ರ ವರೆಗೆ 500 ಸಂಕೇತಗಳಾಗಿ ವಿಂಗಡಿಸಿದರು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ 'ಚೆಸ್‌ಬೇಸ್' ಹುಟ್ಟಿತು. ಅದರ ಫಲವು ಬೇಗನೆ ಕಂಡುಬಂದಿತು. 1985ರಲ್ಲಿ ಹ್ಯಾಂಬರ್ಗಿನ ಎಂಟು ಜನರ ತಂಡದೊಡನೆ ಏಕಕಾಲದಲ್ಲಿ ಆಡಿ 3½–4½ರಿಂದ ಸೋತಿದ್ದ ಕ್ಯಾಸ್ಪರೋವನು, 1987ರಲ್ಲಿ ಎದುರಾಳಿಗಳ ಹಿಂದಿನ ಆಟಗಳನ್ನು ಗಣಕದಲ್ಲಿ ಪರಿಶೀಲಿಸಿಕೊಂಡು ಬಂದು 7–1ರಿಂದ ಗೆದ್ದನು. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ಎಂಬವರು ಆಟಗಳನ್ನು ಸಾಧಾರಣ ಪಠ್ಯವಾಗಿ ಬರೆದಿಡುವ 'ಪಿ.ಜಿ.ಎನ್.' ಎಂಬ ಸಾರ್ವತ್ರಿಕ ಲಿಪಿಕ್ರಮವನ್ನು ರೂಪಿಸಿದರು. ಕನ್ನಡಿಗನು 'ಮಂತ್ರಿ' ಎನ್ನುವುದನ್ನು ಬೆಳಗಾವಿಯ ಮರಾಠಿ ಮಾತಿನವನು 'ವಜೀರ' ಎನ್ನುವನು. ಆದರೆ ದಾಖಲೆಯಲ್ಲಿ ಇಬ್ಬರ ಆಟವೂ ಒಂದೇ ಲಿಪಿಯಲ್ಲಿರುವುದು.

೨. ರಚನೆಯ ತತ್ತ್ವ

ಆಟದ ಮೊದಲಲ್ಲಿ ಬಿಳಿಯ ಆಟಗಾರನಿಗೆ 20 ನಡೆಗಳುಂಟು. ಇಬ್ಬರೂ ಒಂದೊಂದು ಸಲ ನಡೆಯುವಷ್ಟರಲ್ಲಿ 400 ಕ್ರಮಗಳೂ, ಎರಡೆರಡು ಸಲ ನಡೆಯುವಷ್ಟರಲ್ಲಿ 1,97,281 ಕ್ರಮಗಳೂ ಸಾಧ್ಯವಾಗುತ್ತವೆ. ದೊಡ್ಡ ದತ್ತಸಂಚಯಗಳಲ್ಲಿ ಇಂದು ಒಂದು ಕೋಟಿಗೂ ಮೀರಿದ ಆಟಗಳಿವೆ. ಇಷ್ಟರೊಳಗಿಂದ ಬೇಕಾದ ಸ್ಥಿತಿಯನ್ನು ಕ್ಷಣಮಾತ್ರದಲ್ಲಿ ಹುಡುಕುವುದು ಹೇಗೆ?

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಬಹುಮಟ್ಟಿನ ತಂತ್ರಾಂಶಗಳು ನಡೆಗಳ ಕ್ರಮವನ್ನಲ್ಲ, ಮಣೆಯ ಮೇಲಿನ ಸ್ಥಿತಿಯನ್ನೇ ಹುಡುಕಾಟದ ಕೀಲಿಯಾಗಿ ಬಳಸುತ್ತವೆ. ಒಂದು ಆಟವು ಡಿ4–ಡಿ5, ಸಿ4–ಇ6, ಕುದುರೆ ಸಿ3–ಕುದುರೆ ಎಫ್6 ಎಂದು ನಡೆಯಿತೆನ್ನೋಣ. ಇನ್ನೊಂದು ಆಟವು ಸಿ4–ಕುದುರೆ ಎಫ್6, ಕುದುರೆ ಸಿ3–ಇ6, ಡಿ4–ಡಿ5 ಎಂದು ನಡೆಯಿತೆನ್ನೋಣ. ದಾರಿ ಬೇರೆ, ತಲಪಿದ ಸ್ಥಳ ಒಂದೇ. 1970ರಲ್ಲಿ ಆಲ್ಬರ್ಟ್ ಜೋಬ್ರಿಸ್ಟ್ ಸೂಚಿಸಿದ ವಿಧಾನದಂತೆ, ಪ್ರತಿಯೊಂದು ಕಾಯಿಗೆ ಪ್ರತಿಯೊಂದು ಮನೆಯಲ್ಲಿ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕೊಟ್ಟು, ಮಣೆಯಲ್ಲಿರುವ ಎಲ್ಲ ಕಾಯಿಗಳ ಸಂಖ್ಯೆಗಳನ್ನು ಸಂಯೋಜಿಸಿದರೆ ಆ ಸ್ಥಿತಿಗೆ ಒಂದು ಗುರುತಿನ ಸಂಖ್ಯೆ ದೊರೆಯುವುದು. ಮೇಲಿನ ಎರಡು ಆಟಗಳಿಗೂ ಆ ಸಂಖ್ಯೆ ಒಂದೇ ಆಗುವುದರಿಂದ, ಎರಡೂ ಒಟ್ಟಿಗೆ ದೊರಕುತ್ತವೆ. ಗ್ರಂಥಾಲಯದ ವರ್ಗಸಂಖ್ಯೆಗೆ ಇದನ್ನು ಹೋಲಿಸಬಹುದು.

೩. ಅಂಕೆಸಂಖ್ಯೆಗಳ ಮಿತಿ

ಸ್ಥಿತಿಯೊಂದನ್ನು ಕೇಳಿದರೆ ದತ್ತಸಂಚಯವು ಅಲ್ಲಿಂದ ಆಡಿದ ನಡೆಗಳನ್ನೂ ಪ್ರತಿಯೊಂದರ ಸೋಲು ಗೆಲುವುಗಳ ಪ್ರಮಾಣವನ್ನೂ ತೋರಿಸುವುದು. ವಿದ್ಯಾರ್ಥಿಗಳು ಎಡವುವುದು ಬಹುಶಃ ಇಲ್ಲಿಯೇ. ಒಂದು ನಡೆಯನ್ನು ನಾಲ್ಕು ಆಟಗಳಲ್ಲಿ ಮಾತ್ರ ಆಡಿ, ಮೂರರಲ್ಲಿ ಗೆಲುವು ಬಂದಿದ್ದರೆ 'ಶೇಕಡಾ 75' ಎಂದು ಕಾಣುವುದು. ಆದರೆ ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೂ ಮೂರು ಅಥವಾ ಹೆಚ್ಚು ಸಲ ಒಂದೇ ಗೊತ್ತಾದ ಮುಖ ಬೀಳುವ ಸಂಭವವು 16ರಲ್ಲಿ 5, ಎಂದರೆ ಸುಮಾರು ಶೇಕಡಾ 31. ಡ್ರಾಗಳನ್ನು ಬಿಟ್ಟು ಲೆಕ್ಕಿಸಿದರೆ, ನಾಲ್ಕು ಆಟಗಳ ಸರಾಸರಿಯಲ್ಲಿ ಪ್ರಮಾಣ ದೋಷವು ಶೇಕಡಾ 25ರಷ್ಟಿರುವುದು. ನಾಲ್ಕು ನೂರು ಆಟಗಳಲ್ಲಿ ಅದು ಶೇಕಡಾ 2.5ಕ್ಕೆ ಇಳಿಯುವುದು. ಆದ್ದರಿಂದ ಶೇಕಡಾವಾರಿಗಿಂತ ಮೊದಲು ಆಟಗಳ ಸಂಖ್ಯೆಯನ್ನು ನೋಡತಕ್ಕದ್ದು.

ಇನ್ನೆರಡು ಎಚ್ಚರಿಕೆಗಳು ಅವಶ್ಯ. ಪ್ರಬಲನು ದುರ್ಬಲನ ಎದುರು ಯಾವ ನಡೆಯನ್ನು ಆಡಿದರೂ ಗೆಲ್ಲುವ ಸಂಭವವೇ ಹೆಚ್ಚು. ಆ ಗೆಲುವಿನ ಕೀರ್ತಿ ನಡೆಗೆ ಸಲ್ಲದು. ಅಲ್ಲದೆ, ನೂರು ಆಟಗಳಲ್ಲಿ ಗೆದ್ದ ನಡೆಯೊಂದಕ್ಕೆ ನೂರೊಂದನೆಯ ಆಟದಲ್ಲಿ ಸರಿಯಾದ ಉತ್ತರ ದೊರೆತಿರಬಹುದು. ಆಗ ಹಳೆಯ ಸರಾಸರಿಯೆಲ್ಲ ವ್ಯರ್ಥ. ದತ್ತಸಂಚಯವು ಏನು ನಡೆಯಿತೆಂಬುದನ್ನು ಹೇಳುವುದೇ ಹೊರತು, ಏಕೆ ನಡೆಯಿತೆಂಬುದನ್ನು ಹೇಳಲಾರದು.

೪. ಬಳಕೆಯ ಮರ್ಯಾದೆ

ಅಧ್ಯಯನದ ವೇಳೆಯಲ್ಲಿ ಉಪಕಾರಿಯಾದ ಈ ಸಾಧನವು ಆಟದ ವೇಳೆಯಲ್ಲಿ ಅಪರಾಧಕ್ಕೆ ಕಾರಣವಾಗಬಹುದು. ವಿಶ್ವ ಚದುರಂಗ ಸಂಸ್ಥೆಯಾದ 'ಫಿಡೆ'ಯ ನಿಯಮಾವಳಿಯು, ಆಟ ನಡೆಯುತ್ತಿರುವಾಗ ಟಿಪ್ಪಣಿ, ಮಾಹಿತಿಮೂಲ, ಪರರ ಸಲಹೆ, ಬೇರೊಂದು ಮಣೆ ಇವುಗಳಲ್ಲಿ ಯಾವುದರ ನೆರವನ್ನೂ ಪಡೆಯಬಾರದೆಂದು ವಿಧಿಸಿದೆ. ಅಂತರ್ಜಾಲದಲ್ಲಿ ಗಡಿಯಾರವಿಟ್ಟು ಆಡುವ ನೇರ ಆಟಕ್ಕೂ ಇದೇ ತತ್ತ್ವ ಅನ್ವಯಿಸುವುದು.

ಆದರೆ ದಿನಗಟ್ಟಲೆ ಯೋಚಿಸಿ ಒಂದೊಂದು ನಡೆ ಕಳುಹಿಸುವ ಪತ್ರವ್ಯವಹಾರದ ಆಟದಲ್ಲಿ ನಿಯಮ ಬೇರೆ. 'ಲಿಚೆಸ್' ಮತ್ತು 'ಚೆಸ್ ಡಾಟ್ ಕಾಮ್' ಎಂಬ ಎರಡು ತಾಣಗಳೂ ಇಂತಹ ಆಟದಲ್ಲಿ ಆರಂಭದ ನಡೆಗಳ ಪುಸ್ತಕ ಮತ್ತು ದತ್ತಸಂಚಯಗಳನ್ನು ನೋಡಲು ಅನುಮತಿಸುತ್ತವೆ. ತಾನೇ ಲೆಕ್ಕ ಹಾಕಿ ನಡೆ ಸೂಚಿಸುವ ಇಂಜಿನ್ನನ್ನು ನಿಷೇಧಿಸುತ್ತವೆ. ಅಂತರರಾಷ್ಟ್ರೀಯ ಪತ್ರವ್ಯವಹಾರ ಚದುರಂಗ ಒಕ್ಕೂಟವಾದರೋ ಇಂಜಿನ್ನಿಗೂ ಅವಕಾಶ ಕೊಟ್ಟಿದೆ. ಒಂದೇ ಕೃತ್ಯವು ಒಂದೆಡೆ ವಿಹಿತ, ಇನ್ನೊಂದೆಡೆ ನಿಷಿದ್ಧ. ಈ ಭೇದವನ್ನರಿಯದ ವಿದ್ಯಾರ್ಥಿಯು ನಿಷ್ಕಪಟಿಯಾಗಿದ್ದೂ ಕಳಂಕಕ್ಕೆ ಗುರಿಯಾಗಬಹುದು. ಅವನ ಖಾತೆ ಮುಚ್ಚಲ್ಪಡಬಹುದು. ಆದಕಾರಣ ಕಾಲೇಜುಗಳಲ್ಲಿ ಅಂತರ್ಜಾಲದ ಪಂದ್ಯಗಳನ್ನು ಏರ್ಪಡಿಸುವ ಅಧ್ಯಾಪಕರು ಯಾವುದಕ್ಕೆ ಅನುಮತಿ, ಯಾವುದಕ್ಕಿಲ್ಲ ಎಂಬುದನ್ನು ಮುಂಚಿತವಾಗಿ ಬರೆದು ಪ್ರಕಟಿಸುವುದು ಯುಕ್ತ.

೫. ಅಧ್ಯಯನಕ್ರಮ

ಆಟ ಮುಗಿದ ಮೇಲೆ ವಿದ್ಯಾರ್ಥಿಯು ಮೊದಲು ತನ್ನ ಆಲೋಚನೆಗಳನ್ನು ತಾನೇ ಬರೆದಿಡಬೇಕು. ಬಳಿಕ ದತ್ತಸಂಚಯವನ್ನು ತೆರೆದು, ತಾನು ರೂಢಿಯ ದಾರಿಯನ್ನು ಬಿಟ್ಟದ್ದು ಎಲ್ಲಿ ಎಂಬುದನ್ನು ಕಂಡುಕೊಳ್ಳಬೇಕು. ಆ ಸ್ಥಿತಿಯಿಂದ ನಡೆದ ಎರಡು ಮೂರು ಉತ್ತಮ ಆಟಗಳನ್ನು ಕೊನೆಯವರೆಗೆ ಓದಬೇಕು. ಇಂಜಿನ್ನಿನ ಅಭಿಪ್ರಾಯ ಕೇಳುವುದು ಕಟ್ಟಕಡೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಉತ್ತರ ತಿಳಿಯುವುದು, ಪ್ರಶ್ನೆಯೇ ತಿಳಿಯದೆ ಉಳಿಯುವುದು.

ಈ ಕ್ರಮಕ್ಕೆ ಸದಾಕಾಲ ಅಂತರ್ಜಾಲವು ಬೇಕಾಗಿಲ್ಲವೆಂಬುದು ನಮ್ಮ ಪ್ರದೇಶಕ್ಕೆ ಮಹತ್ವದ ಸಂಗತಿ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯೂ ಭೀಮಗಡದ ಅರಣ್ಯವೂ ಇರುವ ಖಾನಾಪುರ ತಾಲೂಕಿನ ಕಾಡಂಚಿನಲ್ಲಿ ಸಂಪರ್ಕವು ನಗರದಷ್ಟು ಸುಲಭವಲ್ಲ. ಒಂದು ಆಟದ ಪಠ್ಯವು ಸುಮಾರು ಒಂದು ಕಿಲೋಬೈಟು. ಲಕ್ಷ ಆಟಗಳಾದರೂ ನೂರು ಮೆಗಾಬೈಟಿನ ಆಸುಪಾಸು. ಇವನ್ನು ಬೆಳಗಾವಿಯ ಕಾಲೇಜಿನಲ್ಲಿ ಒಮ್ಮೆ ಇಳಿಸಿಕೊಂಡು, 'ಸ್ಕಿಡ್' ಎಂಬ ಉಚಿತ ತಂತ್ರಾಂಶದೊಡನೆ ಸಾಧಾರಣ ಗಣಕದಲ್ಲಿಟ್ಟರೆ, ಊರಿನಲ್ಲಿ ಸಂಪರ್ಕವಿಲ್ಲದೆಯೂ ಅಭ್ಯಾಸವನ್ನು ಮುಂದುವರಿಸಬಹುದು. ಮೈಸೂರಿನ ಎಂ. ಎಸ್. ತೇಜಕುಮಾರರು 2017ರಲ್ಲಿ ಕರ್ನಾಟಕದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ಆ ದಾರಿಯಲ್ಲಿ ನಡೆಯಬಯಸುವ ಗ್ರಾಮೀಣ ವಿದ್ಯಾರ್ಥಿಗೆ ಇಂದು ಸಾಮಗ್ರಿಯ ಕೊರತೆಯಿಲ್ಲ.

ಒಟ್ಟಿನಲ್ಲಿ, ದತ್ತಸಂಚಯವು ಪೂರ್ವಿಕರ ಆಟಗಳ ಭಂಡಾರ. ಅದನ್ನು ಆಟಕ್ಕೆ ಮುಂಚೆ ಮತ್ತು ಆಟದ ನಂತರ ತೆರೆದವನು ವಿದ್ಯಾರ್ಥಿ. ನಿಯಮ ಮೀರಿ ಆಟದ ನಡುವೆ ತೆರೆದವನು ಎದುರಾಳಿಯನ್ನು ವಂಚಿಸುವುದಲ್ಲದೆ, ತಾನು ಯೋಚಿಸಬೇಕಾಗಿದ್ದ ಅವಕಾಶವನ್ನೂ ಕಳೆದುಕೊಳ್ಳುವನು.