ಲಿಂಕ್ ಹಾಕುವ ಮುನ್ನ ಎದುರುಮನೆ ನೆನಪಿರಲಿ

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಮಕ್ಕಳು ಸ್ಕೂಲಿಂದ ಬರೋವರೆಗೆ ಸಿಗುವ ಎರಡು ಗಂಟೆ ಇದೆಯಲ್ಲ, ಅದೊಂದೇ ನಮ್ಮ ಸ್ವಂತದ ಸಮಯ. ಮೊದಲು ಅದು ಧಾರಾವಾಹಿಗೆ ಹೋಗುತ್ತಿತ್ತು, ಈಗ ಫೋನಿಗೆ ಹೋಗುತ್ತದೆ. ಹಾಗೆ ಫೋನ್ ನೋಡ್ತಾ ಕೂತಿದ್ದಾಗಲೇ ನನ್ನ ಕಣ್ಣಿಗೆ ಬಿದ್ದದ್ದು ‘ಮನೆಯಲ್ಲೇ ಕುಳಿತು ಸಂಪಾದಿಸಿ, ಬಂಡವಾಳ ಬೇಡ’ ಅನ್ನೋ ವಿಡಿಯೊ. ಯಾರಿಗೆ ಆಸೆ ಆಗಲ್ಲ ಹೇಳಿ? ತರಕಾರಿ ದುಡ್ಡಲ್ಲಿ ಉಳಿಸಿದ ಚಿಲ್ಲರೆ ಬಿಟ್ಟರೆ ನನ್ನದು ಅಂತ ಹೇಳಿಕೊಳ್ಳೋಕೆ ಒಂದು ರೂಪಾಯಿ ಇರಲಿಲ್ಲ. ನಾನೂ ಶುರು ಮಾಡಿದೆ.

ನಲ್ಲಿಗೆ ಸಿಕ್ಕಿಸುವ ಒಂದು ಸಣ್ಣ ವಾಟರ್ ಫಿಲ್ಟರ್, ಬೆಲೆ 649 ರೂಪಾಯಿ. ಯಾರದೋ ವಿಡಿಯೊ ನೋಡಿ ‘ಸೂಪರ್ ಆಗಿದೆ, ತಗೊಳ್ಳಿ’ ಅಂತ ಬರೆದು ನಮ್ಮ ಬಡಾವಣೆಯ ಹೆಂಗಸರ ಫೇಸ್‌ಬುಕ್ ಗುಂಪಿನಲ್ಲಿ ಲಿಂಕ್ ಹಾಕಿದೆ. ನಾನು ಅದನ್ನು ಕೈಯಲ್ಲಿ ಹಿಡಿದೂ ನೋಡಿರಲಿಲ್ಲ! ಎದುರುಮನೆ ಆಂಟಿ ನನ್ನ ಮಾತು ನಂಬಿ ತರಿಸಿಕೊಂಡರು. ನಮ್ಮ ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ನಿಮಗೆ ಗೊತ್ತೇ ಇದೆ. ಬಕೆಟ್ಟು, ಗೀಸರು, ಟೈಲ್ಸು ಎಲ್ಲದರ ಮೇಲೂ ಬಿಳಿ ಪೊರೆ. ಮೂರೇ ವಾರಕ್ಕೆ ಫಿಲ್ಟರ್ ಕಟ್ಟಿಕೊಂಡಿತು. ಅಷ್ಟರಲ್ಲಿ ವಾಪಸ್ ಮಾಡುವ ಗಡುವು ಮುಗಿದಿತ್ತು.

ಆಂಟಿ ಜಗಳ ಆಡಲಿಲ್ಲ. ಒಂದು ಮಾತೂ ಅನ್ನಲಿಲ್ಲ. ಆದರೆ ಸಂಜೆ ಹೂ ಕಟ್ಟೋಕೆ ನಮ್ಮ ಜಗುಲಿಗೆ ಬರುವುದನ್ನು ನಿಲ್ಲಿಸಿಬಿಟ್ಟರು. ಆ ಮಾರಾಟದಿಂದ ನನ್ನ ಲೆಕ್ಕಕ್ಕೆ ಬಂದ ಕಮಿಷನ್ ಎಷ್ಟು ಗೊತ್ತಾ? 26 ರೂಪಾಯಿ!

ಈ ಪೆಟ್ಟು ತಿಂದ ಮೇಲೇ ನಾನು ಕೂತು ಈ ಕೆಲಸದ ಒಳಹೊರಗನ್ನು ಸರಿಯಾಗಿ ತಿಳಿದುಕೊಂಡದ್ದು. ನೀವು ಪೆಟ್ಟು ತಿನ್ನದೇ ತಿಳಿದುಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಏನಿದು ಅಫಿಲಿಯೇಟ್ ಮಾರ್ಕೆಟಿಂಗ್?

ಹೆಸರು ಕೇಳಿ ಹೆದರಬೇಡಿ. ತಿಂಗಳಿಗೊಮ್ಮೆ ಮನೆಗೆ ಬಂದು ಪೋಸ್ಟಾಫೀಸಿನ ಆರ್.ಡಿ. ದುಡ್ಡು ತಗೊಂಡು ಹೋಗುವ ಏಜೆಂಟ್ ಆಂಟಿಯನ್ನು ನೋಡಿದ್ದೀರಲ್ಲ? 1972ರಲ್ಲಿ ಶುರುವಾದ ಮಹಿಳಾ ಪ್ರಧಾನ ಕ್ಷೇತ್ರೀಯ ಬಚತ್ ಯೋಜನೆಯ ಏಜೆಂಟರು ಅವರು. ಕಟ್ಟಿಸಿದ ದುಡ್ಡಿಗೆ ಶೇಕಡಾ 4 ಕಮಿಷನ್. ನಾವು ಕಟ್ಟುವ ಹಣದಲ್ಲಿ ಒಂದು ಪೈಸೆ ಹೆಚ್ಚಾಗಲ್ಲ, ಅವರಿಗೆ ಕೊಡುವುದು ಸರ್ಕಾರ. ಅಫಿಲಿಯೇಟ್ ಅಂದರೂ ಹಾಗೇ. ಆನ್‌ಲೈನ್ ಅಂಗಡಿಯವರು ನಿಮಗೆ ನಿಮ್ಮದೇ ಗುರುತಿರುವ ಒಂದು ಲಿಂಕ್ ಕೊಡುತ್ತಾರೆ. ಅದನ್ನು ನಿಮ್ಮ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟ ಅಥವಾ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕುತ್ತೀರಿ. ಅದನ್ನು ಒತ್ತಿ ಯಾರಾದರೂ ಕೊಂಡರೆ ನಿಮಗೆ ಕಮಿಷನ್, ಕೊಂಡವರಿಗೆ ಅದೇ ಬೆಲೆ.

ಅಮೆಜಾನ್ ಕಂಪನಿ ಅಮೆರಿಕದಲ್ಲಿ ಇದನ್ನು ಶುರು ಮಾಡಿದ್ದು 1996ರಲ್ಲೇ. ಭಾರತದಲ್ಲಿ ಅದು 2013ರಲ್ಲಿ ಅಂಗಡಿ ತೆರೆದ ಮೇಲೆ ನಮ್ಮವರೆಗೂ ಬಂತು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಮೊದಮೊದಲು ಬೆಳೆದದ್ದಂತೂ ಮನೆಯ ಹೆಂಗಸರಿಂದಲೇ. ಸೀರೆ, ಕುರ್ತಾಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ, ಬೆಲೆ ಮೇಲೆ ತಮ್ಮ ಲಾಭ ಸೇರಿಸಿ ಮಾರುತ್ತಿದ್ದರು. ಚಿಕ್ಕಪೇಟೆಯಿಂದ ಸೀರೆ ತಂದು ಕಂತಿನ ಮೇಲೆ ಕೊಡುವವರ ಹಾಗೆ! ಅದು ಮರುಮಾರಾಟ. ಅಲ್ಲಿ ಬೆಲೆ ನಿಮ್ಮದು, ಸೀರೆ ಬಣ್ಣ ಬೇರೆ ಬಂದರೆ ಮೊದಲು ಕೇಳುವುದೂ ನಿಮ್ಮನ್ನೇ. ಅಫಿಲಿಯೇಟ್‌ನಲ್ಲಿ ಬೆಲೆ ಹಾಕುವವರು, ಸಾಮಾನು ಕಳಿಸುವವರು ಅಂಗಡಿಯವರೇ. ನೀವು ದಾರಿ ತೋರಿಸುವವರು ಮಾತ್ರ.

ಶುರು ಮಾಡೋದು ಹೇಗೆ?

ಸೇರುವುದಕ್ಕೆ ದುಡ್ಡಿಲ್ಲ, ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಇ-ಮೇಲ್ ವಿಳಾಸ, ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ ಬೇಕು. ಖಾತೆ ನಿಮ್ಮ ಹೆಸರಲ್ಲೇ ಇರಲಿ. ಯಜಮಾನರ ಖಾತೆಗೆ ಬಂದ ದುಡ್ಡು ಕರೆಂಟ್ ಬಿಲ್ಲಿನಲ್ಲಿ ಕರಗಿ ಹೋಗುತ್ತೆ, ನಮಗೆ ಗೊತ್ತೇ ಆಗಲ್ಲ!

ಅಮೆಜಾನ್‌ನಲ್ಲಾದರೆ ಲಿಂಕ್ ಹಾಕುವ ಪುಟ ಯಾವುದು ಅಂತ ಮೊದಲೇ ತಿಳಿಸಬೇಕು. ಸೇರಿದ 180 ದಿನದೊಳಗೆ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಲಿಂಕ್ ಒತ್ತಿದವರು ಸಾಮಾನ್ಯವಾಗಿ 24 ಗಂಟೆಯೊಳಗೆ ಕೊಂಡರೆ ಮಾತ್ರ ಲೆಕ್ಕ. ವಾಪಸ್ ಮಾಡಿದರೆ ಕಮಿಷನ್ನೂ ವಾಪಸ್. ಸಿಕ್ಕ ಕಮಿಷನ್ ಕೈಗೆ ಬರೋಕೆ ತಿಂಗಳು ಮುಗಿದ ಮೇಲೆ ಇನ್ನೆರಡು ತಿಂಗಳು ಕಾಯಬೇಕು.

ಇನ್ನೊಂದು ಮಾತು. ‘ಆನ್‌ಲೈನಲ್ಲಿ ನಂಗೂ ಒಂದು ತರಿಸಿಕೊಡಮ್ಮ’ ಅಂತ ಅಕ್ಕಪಕ್ಕದವರು ಕೇಳುತ್ತಾರಲ್ಲ, ಹಾಗೆ ಅವರಿಗೋಸ್ಕರ ನಿಮ್ಮ ಫೋನಿನಿಂದ, ನಿಮ್ಮದೇ ಲಿಂಕ್ ಒತ್ತಿ ತರಿಸಿದರೆ ಕಮಿಷನ್ ಸಿಗುವುದಿಲ್ಲ. ಸ್ವಂತಕ್ಕೆ ಕೊಂಡರೂ ಇಲ್ಲ. ನಿಯಮದಲ್ಲೇ ಹಾಗಿದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಲಿಂಕ್ ಹಾಕುವ ಮುನ್ನವೂ ಆ ಕಂಪನಿಯ ನಿಯಮ ಓದಿಕೊಳ್ಳಿ.

ಎಷ್ಟು ಬರುತ್ತೆ? ಲೆಕ್ಕ ಹಾಕಿ ನೋಡೋಣ

ಕಮಿಷನ್ ಎಲ್ಲಾ ಸಾಮಾನಿಗೂ ಒಂದೇ ಅಲ್ಲ. ಲೆಕ್ಕಕ್ಕೆ ಶೇಕಡಾ 4 ಅಂದುಕೊಳ್ಳೋಣ. 600 ರೂಪಾಯಿಯ ಡಬ್ಬಿ ಸೆಟ್ಟಿಗೆ 24 ರೂಪಾಯಿ. ನಿಮ್ಮ ವಿಡಿಯೊ ನೋಡಿದವರು 1,000 ಜನ, ಅದರಲ್ಲಿ ಲಿಂಕ್ ಒತ್ತಿದವರು 50 ಜನ, ಕೊಂಡವರು ಇಬ್ಬರು ಅಂದುಕೊಂಡರೂ 48 ರೂಪಾಯಿ. ತಿಂಗಳಿಗೆ 2,400 ರೂಪಾಯಿ ಬರಬೇಕಾದರೆ ಇಂಥ 100 ಡಬ್ಬಿ ಸೆಟ್ ಮಾರಾಟ ಆಗಬೇಕು. ‘ಮೊದಲ ತಿಂಗಳೇ 30 ಸಾವಿರ’ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ. ಸಾಸಿವೆ ಡಬ್ಬಿಗೆ ಸೇರುವ ದುಡ್ಡು ಅಂತ ಶುರು ಮಾಡಿ, ಸಂಬಳ ಅಂತ ಅಲ್ಲ.

ಈ ಕಮಿಷನ್ ಆದಾಯವೇ, ತೆರಿಗೆ ಲೆಕ್ಕಕ್ಕೆ ಬರುತ್ತೆ. 2025ರ ಏಪ್ರಿಲ್‌ನಿಂದ, ಒಂದು ಕಂಪನಿಯಿಂದ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಕಮಿಷನ್ ಬಂದರೆ ಅವರು ಶೇಕಡಾ 2 ತೆರಿಗೆ ಹಿಡಿದುಕೊಂಡು ಕೊಡುತ್ತಾರೆ. ರಿಟರ್ನ್ಸ್ ಸಲ್ಲಿಸಿದರೆ ಅದು ಲೆಕ್ಕಕ್ಕೆ ಬರುತ್ತೆ.

ನಮ್ಮ ಊರೇ ನಮ್ಮ ಬಂಡವಾಳ

‘ಬೆಂಗಳೂರಿನವರು ಅಷ್ಟು ಚೆಂದ ವಿಡಿಯೊ ಮಾಡ್ತಾರೆ, ನಮ್ಮದನ್ನ ಯಾರು ನೋಡ್ತಾರೆ?’ ಅಂತ ಶಿಡ್ಲಘಟ್ಟದ ನನ್ನ ಅತ್ತಿಗೆ ಕೇಳಿದರು. ನಾನು ಹೇಳಿದೆ, ‘ಅತ್ತಿಗೆ, ಬೆಂಗಳೂರಿನವರಿಗೆ ನಮ್ಮ ನೀರು ಗೊತ್ತಾ?’

ನಿಜ ತಾನೆ? ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಆಳದ ಬೋರ್‌ವೆಲ್ ನೀರು, ಗಡಸು ನೀರು, ಕೆಲವು ಕಡೆ ಫ್ಲೋರೈಡ್ ಬೇರೆ. ಕಸ-ಮಣ್ಣು ಹಿಡಿಯುವ ಪುಟ್ಟ ಫಿಲ್ಟರ್ ನೀರಿನ ಗಡಸುತನವನ್ನು ತೆಗೆಯಲ್ಲ ಅನ್ನುವುದನ್ನು ನನಗೆ ಯಾವ ವಿಡಿಯೊನೂ ಹೇಳಲಿಲ್ಲ. ಯಾವ ಸೋಪಿನ ಪುಡಿ ಇಲ್ಲಿ ನೊರೆ ಬರುತ್ತೆ, ಗೀಸರ್ ಕಾಯಿಲ್ ಎಷ್ಟು ದಿನ ಬಾಳುತ್ತೆ, ಬಿಳಿ ಪೊರೆ ಕಟ್ಟಿದ ಸ್ಟೀಲ್ ಪಾತ್ರೆ ಯಾವುದರಿಂದ ಉಜ್ಜಬೇಕು ಅನ್ನೋದು ಇಲ್ಲಿ ಬದುಕುವ ನಮಗೇ ಗೊತ್ತು. ಅದನ್ನು ಹೇಳಿದರೆ ಚಿಂತಾಮಣಿ, ಬಾಗೇಪಲ್ಲಿಯವರೂ ಕಿವಿಗೊಟ್ಟು ಕೇಳುತ್ತಾರೆ.

ಹಾಗಾಗಿ ಎಲ್ಲವನ್ನೂ ಮಾರಲು ಹೋಗಬೇಡಿ. ನಿಮಗೆ ಗೊತ್ತಿರುವ ಒಂದೇ ವಿಷಯ ಹಿಡಿಯಿರಿ. ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಮದುವೆಯಾದ ಮೇಲೆ ಬಿಟ್ಟವರಿದ್ದೀರಾ? ಹೊಲಿಗೆ ಮೆಷಿನ್, ಸೂಜಿ, ದಾರ, ಫಾಲ್ ಹಾಕುವುದರ ಬಗ್ಗೆ ನಿಮಗಿಂತ ಚೆನ್ನಾಗಿ ಹೇಳುವವರು ಯಾರು? ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ಹಾರ, ಬೊಕೆ ಮಾಡುವ ಕೈ ನಿಮ್ಮದಾದರೆ ಅದನ್ನು ತೋರಿಸಿ, ಅದಕ್ಕೆ ಬಳಸುವ ಕತ್ತರಿ, ಅಂಟು, ಬಣ್ಣದ ಲಿಂಕ್ ಕೊಡಿ. ಅವರೆಕಾಯಿ ಕಾಲದಲ್ಲಿ ಹಿದಕಬೇಳೆ ಸಾರು ಮಾಡುತ್ತಾ ನೀವು ದಿನಾ ಬಳಸುವ ಕುಕ್ಕರ್ ತೋರಿಸಿ. ಟೆರೇಸಿನ ಮೇಲೆ ಗುಲಾಬಿ ಬೆಳೆಸಿದ್ದರೆ ಕುಂಡ, ಗೊಬ್ಬರ, ನೀರಿನ ಪೈಪು.

ಮಾತು ನಿಮ್ಮ ಮನೆಮಾತೇ ಆಗಿರಲಿ. ನಮ್ಮ ಕಡೆ ಕನ್ನಡದ ಮಧ್ಯೆ ತೆಲುಗು ನುಸುಳುವುದು ಸಹಜ. ಟೀವಿ ನಿರೂಪಕಿಯ ಹಾಗೆ ಮಾತಾಡಲು ಹೋದರೆ ನಾವು ನಾವಾಗಿ ಕಾಣಲ್ಲ.

ಕಮಿಷನ್ ಮುಚ್ಚಿಡಬೇಡಿ

ಕಮಿಷನ್ ಬರುತ್ತೆ ಅಂತ ಹೇಳಿದರೆ ಜನ ಕೊಳ್ಳಲ್ಲವೇನೋ ಅನ್ನುವ ಭಯ ನನಗೂ ಇತ್ತು. ಆದರೆ ಹೇಳಲೇಬೇಕು ಅನ್ನುತ್ತೆ ಸರ್ಕಾರ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ವಸ್ತುವನ್ನು ಹೊಗಳುವುದರಿಂದ ನಿಮಗೆ ಲಾಭ ಇದ್ದರೆ ಅದನ್ನು ಎಲ್ಲರಿಗೂ ಕಾಣುವಂತೆ, ನೀವು ಮಾತಾಡುವ ಭಾಷೆಯಲ್ಲೇ ತಿಳಿಸಬೇಕು. ಕನ್ನಡದಲ್ಲಿ ಹೊಗಳಿ, ಕೊನೆಯಲ್ಲಿ ಇಂಗ್ಲಿಷ್ ಹ್ಯಾಷ್‌ಟ್ಯಾಗ್ ರಾಶಿಯೊಳಗೆ ಅದನ್ನು ಹುದುಗಿಸಿಟ್ಟರೆ ಸಾಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದನ್ನು ಅನುಮೋದಿಸಿದವರಿಗೂ ಈ ನಿಯಮ ಅನ್ವಯ.

ನಾನೀಗ ಬರೆಯುವುದು ಇಷ್ಟೇ: ‘ಈ ಲಿಂಕ್‌ನಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತೆ. ನಿಮಗೆ ಬೆಲೆ ಹೆಚ್ಚಾಗಲ್ಲ.’ ಇದನ್ನು ಓದಿ ಯಾರೂ ನನ್ನನ್ನು ಬೈದಿಲ್ಲ. ಆರ್.ಡಿ. ಆಂಟಿಗೆ ಕಮಿಷನ್ ಬರುತ್ತೆ ಅಂತ ಗೊತ್ತಿದ್ದೂ ನಾವು ದುಡ್ಡು ಕೊಡಲ್ವಾ? ಅವರು ಪಾಸ್‌ಬುಕ್ಕಿನಲ್ಲಿ ಬರೆಸಿ ತಂದು ತೋರಿಸುತ್ತಾರೆ, ಅದಕ್ಕೇ.

ಔಷಧಿ ಥರದ ವಸ್ತುಗಳ ತಂಟೆಗೆ ಮಾತ್ರ ಹೋಗಲೇಬೇಡಿ. ‘ಸಕ್ಕರೆ ಕಾಯಿಲೆ ವಾಸಿ ಮಾಡುವ ಪುಡಿ’ ಎಂಬಂಥ ಪ್ರಚಾರ 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಮುಖ ಬೆಳ್ಳಗೆ ಮಾಡುವ ಹೆಸರು ಕೇಳದ ಕ್ರೀಮುಗಳೂ ಬೇಡ. ಫಿಲ್ಟರ್ ಕೆಟ್ಟರೆ 649 ರೂಪಾಯಿ ಹೋಗುತ್ತೆ, ಮುಖ ಕೆಟ್ಟರೆ ಏನು ಕೊಟ್ಟು ತರೋಣ?

ಇದು ಆ ಕೆಲಸವೇ ಅಲ್ಲ!

ಅಫಿಲಿಯೇಟ್ ಹೆಸರು ಹೇಳಿಕೊಂಡು ಬರುವ ಮೋಸಗಳೇ ಜಾಸ್ತಿ. ವಾಟ್ಸ್‌ಆ್ಯಪ್‌ಗೆ ಒಂದು ಮೆಸೇಜ್ ಬರುತ್ತೆ, ವಿಡಿಯೊಗೆ ಲೈಕ್ ಒತ್ತಿ, 50 ರೂಪಾಯಿ ಪಡೆಯಿರಿ ಅಂತ. ಒತ್ತಿದರೆ ನಿಜವಾಗಲೂ ದುಡ್ಡು ಬರುತ್ತೆ! ಅಲ್ಲೇ ನಾವು ಬೀಳೋದು. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ‘1,000 ಕಟ್ಟಿದರೆ 1,300’ ಅನ್ನುತ್ತಾರೆ, ಅದನ್ನೂ ಕೊಡುತ್ತಾರೆ. ನಂತರ 10 ಸಾವಿರ, 50 ಸಾವಿರ. ವಾಪಸ್ ಕೇಳಿದರೆ ತೆರಿಗೆ ಕಟ್ಟಿ, ಇನ್ನೊಂದು ಟಾಸ್ಕ್ ಮುಗಿಸಿ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಬಳೆ ಅಡವಿಟ್ಟಾಗಿರುತ್ತೆ. ಗಂಡನಿಗೆ ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ. ಹೀಗಾಗಿದ್ದರೆ ಮರ್ಯಾದೆಗೆ ಅಂಜಿ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯಲು ಅಷ್ಟು ಅವಕಾಶ.

‘ನಿನ್ನ ಕೆಳಗೆ ನಾಲ್ಕು ಜನರನ್ನು ಸೇರಿಸು, ಅವರ ದುಡ್ಡಲ್ಲಿ ನಿನಗೂ ಪಾಲು’ ಅನ್ನುವುದೂ ಅಫಿಲಿಯೇಟ್ ಅಲ್ಲ, ಅದು ಸರಪಳಿ. ಇಂಥ ಹಣ ಸುತ್ತಿಸುವ ಯೋಜನೆಗಳನ್ನು 1978ರಲ್ಲೇ ಕಾನೂನು ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ಮತ್ತೆ ಹೆಸರಿಟ್ಟು ತಡೆದಿವೆ. ಸಾವಿರಾರು ರೂಪಾಯಿಯ ‘ಕೋರ್ಸ್’ ಕೊಳ್ಳಲು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತುವ ಯೋಚನೆಯಂತೂ ಬೇಡವೇ ಬೇಡ. ಕಲಿಯುವುದಕ್ಕೆ ಬೇಕಾದದ್ದು ಕಂಪನಿಯವರ ಪುಟದಲ್ಲೇ ಪುಕ್ಕಟೆ ಸಿಗುತ್ತೆ.

ಇಷ್ಟು ನೆನಪಿರಲಿ

• ಕನಿಷ್ಠ ಒಂದು ತಿಂಗಳು ನೀವೇ ಬಳಸದ ವಸ್ತುವಿನ ಲಿಂಕ್ ಹಾಕಬೇಡಿ.
• ವಸ್ತುವಿನ ಒಳ್ಳೆಯದರ ಜೊತೆ ಒಂದಾದರೂ ಕೊರತೆ ಹೇಳಿ.
• ವಾಪಸ್ ಮಾಡುವ ಗಡುವು ಎಷ್ಟು ದಿನ ಅಂತ ನೋಡಿ, ಅದನ್ನೂ ಬರೆಯಿರಿ.
• ಬೆಲೆ ದಿನಾ ಬದಲಾಗುತ್ತೆ. ‘ಇವತ್ತಿನ ಬೆಲೆ ನೀವೇ ನೋಡಿಕೊಳ್ಳಿ’ ಅನ್ನಿ.
• ಫೋಟೊ, ವಿಡಿಯೊ ನಿಮ್ಮದೇ ಇರಲಿ. ಬೇರೆಯವರದ್ದು ಕದಿಯಬೇಡಿ.
• ಮನೆ ವಿಳಾಸ, ಮಕ್ಕಳ ಸ್ಕೂಲ್ ಯೂನಿಫಾರ್ಮ್ ವಿಡಿಯೊದಲ್ಲಿ ಕಾಣದಿರಲಿ.
• ಓ.ಟಿ.ಪಿ. ಯಾರಿಗೂ ಹೇಳಬೇಡಿ. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ.
• ಒಂದು ನೋಟ್‌ಬುಕ್ಕಿನಲ್ಲಿ ಬಂದದ್ದು, ಡೇಟಾಗೆ ಹೋದದ್ದು ಬರೆದಿಡಿ.

ಇನ್ನು ಎದುರುಮನೆ ಆಂಟಿ ಕತೆ. ಒಂದು ಸಂಜೆ ನಾನೇ 649 ರೂಪಾಯಿ ಹಿಡಿದುಕೊಂಡು ಅವರ ಮನೆಗೆ ಹೋದೆ. ‘ಬಳಸದೇ ಹೇಳಿಬಿಟ್ಟೆ ಆಂಟಿ, ತಪ್ಪಾಯ್ತು’ ಅಂದೆ. ದುಡ್ಡು ತಗೊಳ್ಳಲಿಲ್ಲ, ಕಾಫಿ ಕೊಟ್ಟರು. ಆದರೂ ಜಗುಲಿಗೆ ಬರೋಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಮೊನ್ನೆ ಹೂ ಕಟ್ಟುತ್ತಾ ಕೇಳಿದರು, ‘ಮಿಕ್ಸಿ ಜಾರ್ ಹೋಗಿದೆ ಕಣಮ್ಮ, ನಿನ್ನ ಲಿಂಕಲ್ಲಿ ಯಾವುದಿದೆ?’

ನನಗೆ ಒಂದು ಕ್ಷಣ ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಹೇಳಿದೆ, ‘ಜಾರ್ ನಿಮ್ಮ ಮಿಕ್ಸಿಗೆ ಕೂರಬೇಕಲ್ಲ ಆಂಟಿ. ಹಳೇ ಜಾರ್ ತಗೊಂಡು ಬಜಾರ್ ರಸ್ತೆಗೆ ಹೋಗಿ, ಕೂರಿಸಿ ನೋಡಿಕೊಂಡೇ ತಗೊಳ್ಳಿ.’

ಆ ದಿನದ ಕಮಿಷನ್ ಸೊನ್ನೆ. ಆದರೆ ಮಾರನೇ ದಿನವೇ ಆಂಟಿ ಹಿಂದಿನ ಬೀದಿಯ ಮಗಳನ್ನು ಕರೆದುಕೊಂಡು ಬಂದರು, ‘ಇವಳಿಗೆ ಹೊಲಿಗೆ ಮೆಷಿನ್ ಬೇಕಂತೆ, ನೀನು ಬಳಸ್ತೀಯಲ್ಲ, ಯಾವುದು ಒಳ್ಳೇದು ಹೇಳು’ ಅಂತ. ನಾಲ್ಕು ವರ್ಷದಿಂದ ನಾನೇ ತುಳಿಯುತ್ತಿರುವ ಮೆಷಿನ್ ಮುಂದೆ ಅವಳನ್ನು ಕೂರಿಸಿ, ಎರಡು ಬಟ್ಟೆ ಹೊಲಿಸಿ, ಆಮೇಲೆ ಲಿಂಕ್ ಕೊಟ್ಟೆ. ಕಮಿಷನ್ ಬರುತ್ತೆ ಅಂತಲೂ ಹೇಳಿದೆ. ‘ಬರಲಿ ಬಿಡಿ ಅಕ್ಕಾ’ ಅಂದಳು.